ಹಳೆಯ ಸೀರೆಯ ಮೂಲೆಯಲ್ಲಿ ಅರಳುವ ಹೂವು: ಸಿದ್ದಿ ಮಹಿಳೆಯರ ಕವಂದಿ

ಬೆಳಗಾವಿಯಿಂದ ಗೋವೆಗೆ ಸಾಗುವ ಹೆದ್ದಾರಿಯು ಲೋಂಡಾ ದಾಟಿ, ಅನಮೋಡ ಘಟ್ಟವನ್ನು ಸೇರುವ ಮುನ್ನ ರಾಮನಗರವೆಂಬ ಊರು ಸಿಗುತ್ತದೆ. ಜೋಯಿಡಾ ತಾಲೂಕಿನ ಈ ಊರಿನ ಹಿಂದೆ ಒಂದು ಮುಳುಗಿದ ಊರಿನ ಕಥೆಯಿದೆ. ಕಾಳಿ ನದಿಗೆ ಅಡ್ಡಲಾಗಿ ಕಟ್ಟಿದ, 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಹಳೆಯ ಸೂಪಾ ಪಟ್ಟಣವೂ ಅದರ ಸುತ್ತಣ ಹಳ್ಳಿಗಳೂ ನೀರಿನಡಿಗೆ ಸರಿದವು. ನೆಲೆ ಕಳೆದುಕೊಂಡ ಅನೇಕ ಕುಟುಂಬಗಳಿಗೆ ಹೊಸ ನೆಲೆಯಾದದ್ದು ರಾಮನಗರ. ಕೊಂಕಣಿ, ಮರಾಠಿ, ಕನ್ನಡ, ಉರ್ದು ಭಾಷೆಗಳು ಇಲ್ಲಿ ಒಂದೇ ಸಂತೆಯಲ್ಲಿ, ಒಂದೇ ಬಸ್ಸಿನಲ್ಲಿ, ಎಷ್ಟೋ ವೇಳೆ ಒಂದೇ ಮನೆಯಲ್ಲಿ ಕೇಳಿಬರುತ್ತವೆ.

ಇಂಥ ಊರಿನಲ್ಲಿ ಒಂದೇ ವಸ್ತುವಿಗೆ ನಾಲ್ಕು ಹೆಸರಿದ್ದರೆ ಸೋಜಿಗವೇನಿಲ್ಲ. ಹಳೆಯ ಬಟ್ಟೆಗಳನ್ನು ಪದರಪದರವಾಗಿ ಜೋಡಿಸಿ ಹೊಲಿದ ಹಾಸು-ಹೊದಿಕೆಯನ್ನು ಧಾರವಾಡದ ಕಡೆಯಿಂದ ಬಂದವರು ಕೌದಿ ಎನ್ನುತ್ತಾರೆ. ಕೊಂಕಣಿ ಮನೆಗಳಲ್ಲಿ ಅದು ವಾಕಳ. ಮರಾಠಿಗರಿಗೆ ಗೋದಡಿ. ಇಲ್ಲಿಂದ ಜಗಲಬೇಟ, ದಾಂಡೇಲಿಗಳನ್ನು ಹಾದು ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಕಾಡಂಚಿನ ಹಳ್ಳಿಗಳಿಗೆ ಹೋದರೆ ಅಲ್ಲಿನ ಸಿದ್ದಿ ಮಹಿಳೆಯರ ಬಾಯಲ್ಲಿ ಅದು ಕವಂದಿ ಅಥವಾ ಕವಂದ್. ಹೆಸರು ಬೇರೆಯಾದ ಮಾತ್ರಕ್ಕೆ ವಸ್ತು ಬೇರೆಯಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ನಾಲ್ಕನ್ನೂ ಪಕ್ಕದಲ್ಲಿ ಹರಡಿ ನೋಡಿದವರಿಗೆ ಕವಂದಿಯ ಕುಲವೇ ಬೇರೆಯೆಂಬುದು ಬಹುಬೇಗ ತಿಳಿಯುತ್ತದೆ.

ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳು ಸಿದ್ದಿ ಮಹಿಳೆಯರನ್ನು ಗದ್ದೆ ನಾಟಿಯ ಆಳುಗಳಾಗಿ, ತೋಟದ ಕೆಲಸದವರಾಗಿ, ಹಬ್ಬದ ದಿನ ದೇವಾಲಯದಲ್ಲಿ ಹಿಂಬದಿಯ ಸಾಲಿನಲ್ಲಿ ಕುಳಿತುಕೊಳ್ಳುವವರಾಗಿ ಬಲ್ಲವು. ಕಲಾವಿದೆಯರಾಗಿ ಅವರನ್ನು ಬಲ್ಲವರು ವಿರಳ. ದೂರದ ನ್ಯೂಯಾರ್ಕ್ ನಗರದ ಜನ ಅವರನ್ನು ಹಾಗೆ ಕಂಡದ್ದುಂಟು. ಹತ್ತಿರದಲ್ಲಿರುವ ನಾವು ಅಷ್ಟಾಗಿ ಕಂಡಿಲ್ಲ. ಆದಕಾರಣ ಈ ವಾರ ಅವರ ಸೂಜಿ-ದಾರದ ಬದುಕನ್ನು ಕುರಿತು ಸ್ವಲ್ಪ ವಿವರವಾಗಿಯೇ ಬರೆಯುವುದು ಉಚಿತವೆನಿಸಿತು.

ಸಿದ್ದಿಗಳ ಪೂರ್ವಜರು ಆಫ್ರಿಕಾ ಖಂಡದವರು. ಪೂರ್ವ ಆಫ್ರಿಕಾದ ಕರಾವಳಿಯಿಂದ ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ ಗೋವೆಗೆ ಬಂದವರೇ ಹೆಚ್ಚು ಮಂದಿ. ಯಜಮಾನರ ಕ್ರೌರ್ಯ ತಾಳಲಾರದೆ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಸಹ್ಯಾದ್ರಿಯ ದಟ್ಟ ಕಾಡನ್ನು ಆಶ್ರಯಿಸಿದರು. ಅಹಮದನಗರದ ಮಲಿಕ್ ಅಂಬರನಂತೆ ಗುಲಾಮಗಿರಿಯಿಂದ ಮೇಲೆದ್ದು ಸೇನಾಪತಿಯಾಗಿ ರಾಜ್ಯವನ್ನೇ ನಡೆಸಿದ ಆಫ್ರಿಕನ್ನರೂ ದಖ್ಖನಿನ ಇತಿಹಾಸದಲ್ಲಿದ್ದಾರೆ. ಆದರೆ ಉತ್ತರ ಕನ್ನಡದ ಸಿದ್ದಿಗಳ ಪಾಲಿಗೆ ಬಂದದ್ದು ಕಾಡು, ಕೂಲಿ, ಸಾಲ. ಇವರಲ್ಲಿ ಕಥೋಲಿಕರಿದ್ದಾರೆ, ಮುಸಲ್ಮಾನರಿದ್ದಾರೆ, ಹಿಂದೂಗಳಿದ್ದಾರೆ. ಮುಂಡಗೋಡ ತಾಲೂಕಿನ ಮೈನಳ್ಳಿ, ಗುಂಜಾವತಿಗಳಂಥ ಊರುಗಳಲ್ಲಿ ಕಥೋಲಿಕ ಸಿದ್ದಿಗಳ ಮನೆಗಳಿವೆ. ಕೊಂಕಣಿಯನ್ನು ಬಹುಮಟ್ಟಿಗೆ ಹೋಲುವ ಮಾತು ಅವರ ಮನೆಮಾತು. ಕೇಂದ್ರ ಸರಕಾರವು ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅದೇ ಸಮುದಾಯದ ಶಾಂತಾರಾಮ ಸಿದ್ದಿಯವರು 2020ರಲ್ಲಿ ರಾಜ್ಯ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಪತ್ರಿಕೆಗಳಲ್ಲಿ ಒಂದೆರಡು ದಿನ ಸಿದ್ದಿಗಳ ಸುದ್ದಿ ಬಂತು.

ಸಿದ್ದಿಗಳ ಕಲೆಯೆಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಡಮಾಮಿ ವಾದ್ಯ ಮತ್ತು ಕುಣಿತ. ಸರಕಾರಿ ಉತ್ಸವಗಳಲ್ಲಿ, ಮೆರವಣಿಗೆಗಳಲ್ಲಿ ಅದನ್ನು ಎಲ್ಲರೂ ನೋಡಿದ್ದಾರೆ. ಡಮಾಮಿಗೆ ಪ್ರೇಕ್ಷಕರು ಬೇಕು, ಕವಂದಿಗೆ ಬೇಡ. ಅದು ಜಗುಲಿಯ ಮೇಲೆ, ಮಧ್ಯಾಹ್ನದ ಹೊತ್ತು, ಯಾರೂ ಚಪ್ಪಾಳೆ ತಟ್ಟದೆ ಬೆಳೆಯುವ ಕಲೆ. ಬಹುಶಃ ಆ ಕಾರಣದಿಂದಲೇ ಅದು ಉತ್ಸವಗಳ ಪಟ್ಟಿಯಲ್ಲಿ ಕಾಣಸಿಗುವುದಿಲ್ಲ.

ಹಾಗಾದರೆ ಕವಂದಿ ಹೇಗೆ ಸಿದ್ಧವಾಗುತ್ತದೆ?

ಮೊದಲು ಬಟ್ಟೆ ಕೂಡಿಡಬೇಕು. ಉಟ್ಟು ಸವೆದ ಸೀರೆ, ಗಂಡಸರ ಅಂಗಿ ಮತ್ತು ಲುಂಗಿ, ಮಗಳ ಚಿಕ್ಕದಾದ ಲಂಗ, ಮಗನ ಶಾಲೆಯ ಸಮವಸ್ತ್ರ, ನೆರೆಮನೆಯವರು ಕೊಟ್ಟ ಹಳೆಯ ರವಿಕೆ, ದರ್ಜಿಯ ಅಂಗಡಿಯಲ್ಲಿ ಉಳಿದ ಚೂರು ಇವೆಲ್ಲ ಒಂದು ಗಂಟಿನಲ್ಲಿ ತಿಂಗಳುಗಟ್ಟಲೆ ಕಾಯುತ್ತಿರುತ್ತವೆ. ಗಂಟು ಸಾಕಷ್ಟು ದೊಡ್ಡದಾದಾಗ ಒಂದು ದಿನ ನೆಲ ಗುಡಿಸಿ, ಗಟ್ಟಿಯಾದ ಒಂದು ಸೀರೆಯನ್ನು ಮಡಚಿ, ಬೇಕಾದ ಉದ್ದಗಲಕ್ಕೆ ಹಾಸುತ್ತಾರೆ. ಇದು ಅಡಿಯ ಬಟ್ಟೆ. ಇನ್ನು ಮೇಲಿನದೆಲ್ಲ ಇದರ ಮೇಲೆಯೇ ಬೆಳೆಯಬೇಕು.

ತೇಪೆ ಹಚ್ಚುವ ಕಲೆ ಜಗತ್ತಿನಲ್ಲಿ ಬೇರೆಡೆಯೂ ಇದೆ. ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯವಾಗಿ ತುಂಡುಗಳನ್ನು ಮೊದಲು ಒಂದಕ್ಕೊಂದು ಜೋಡಿಸಿ ಮೇಲುಹೊದಿಕೆಯನ್ನು ಪೂರ್ತಿ ಮಾಡಿಕೊಳ್ಳುತ್ತಾರೆ. ಬಳಿಕ ನಡುವೆ ಹತ್ತಿಯನ್ನಿಟ್ಟು, ಕೆಳಗೊಂದು ಬಟ್ಟೆ ಕೊಟ್ಟು, ಮೂರನ್ನೂ ಸೇರಿಸಿ ಹೊಲಿಯುತ್ತಾರೆ. ಸಿದ್ದಿ ಮಹಿಳೆಯರದು ಹಾಗಲ್ಲ. ಅವರು ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಗುಂಟ ಒಂದೊಂದೇ ತುಂಡನ್ನು ಇಡುತ್ತಾ, ಅದರ ಬದಿಯನ್ನು ಒಳಕ್ಕೆ ಮಡಚುತ್ತಾ, ಅಡಿಯ ಬಟ್ಟೆಯೊಡನೆ ಸೇರಿಸಿ ಆಗಿಂದಾಗಲೇ ಹೊಲಿದುಬಿಡುತ್ತಾರೆ. ತುಂಡನ್ನು ಜೋಡಿಸುವುದೂ ಪದರಗಳನ್ನು ಬಂಧಿಸುವುದೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತದೆ. ಅಂಚು ಒಂದು ಸುತ್ತು ಬಂದ ಮೇಲೆ ಎರಡನೆಯ ಸುತ್ತು, ಮೂರನೆಯದು, ನಾಲ್ಕನೆಯದು. ಹೀಗೆ ಸುತ್ತುತ್ತ ಸುತ್ತುತ್ತ ಹೊಲಿಗೆ ಒಳಕ್ಕೆ ಸಾಗುತ್ತದೆ. ಅಂಗಳದ ರಂಗೋಲಿ ನಡುವಿನ ಚುಕ್ಕಿಯಿಂದ ಹೊರಕ್ಕೆ ಅರಳುತ್ತದೆ. ಕವಂದಿ ಹೊರಗಿನಿಂದ ಒಳಕ್ಕೆ ಕೂಡುತ್ತದೆ. ಗದ್ದೆಯ ಅಂಚಿನಿಂದ ಸುತ್ತುಹಾಕುತ್ತ ನಡುವಿಗೆ ಬರುವ ನೇಗಿಲನ್ನು ನೋಡಿದವರಿಗೆ ಇದರ ನಡಿಗೆ ಚೆನ್ನಾಗಿ ಅರ್ಥವಾದೀತು.

ಹೊಲಿಗೆಯಾದರೋ ಅತಿ ಸರಳ. ಮೇಲೊಮ್ಮೆ ಕೆಳಗೊಮ್ಮೆ ಸೂಜಿ ಹಾಯುವ ಸಾದಾ ಹೊಲಿಗೆ, ದಪ್ಪ ಹತ್ತಿಯ ದಾರ. ಚೌಕಟ್ಟಿಲ್ಲ, ಯಂತ್ರವಿಲ್ಲ, ಅಳತೆಪಟ್ಟಿಯಿಲ್ಲ, ಕಾಗದದ ಮೇಲೆ ಬರೆದುಕೊಂಡ ನಕ್ಷೆಯಿಲ್ಲ. ಸಾಲಿನ ಪಕ್ಕ ಸಾಲಾಗಿ ಹೊಲಿಗೆಗಳು ಒತ್ತೊತ್ತಾಗಿ ಸಾಗುವಾಗ ಬಟ್ಟೆ ಅಲ್ಲಲ್ಲಿ ಸಣ್ಣಗೆ ಸುಕ್ಕಾಗಿ, ನಾಟಿ ಮಾಡಿದ ಗದ್ದೆಯ ಮೇಲೆ ಗಾಳಿ ಬೀಸಿದಂತೆ ಒಂದು ಅಲೆ ಏಳುತ್ತದೆ. ಯಂತ್ರದ ಹೊಲಿಗೆಯಲ್ಲಿ ಈ ಅಲೆ ಬರುವುದಿಲ್ಲ. ಕವಂದಿಯ ಬಾಳಿಕೆಗೂ ಈ ಒತ್ತು ಹೊಲಿಗೆಯೇ ಕಾರಣ. ಒಂದು ತುಂಡು ಹರಿದರೂ ಪಕ್ಕದ ಸಾಲುಗಳು ಅದನ್ನು ಬಿಟ್ಟುಕೊಡುವುದಿಲ್ಲ.

ಈ ಕೆಲಸದಲ್ಲಿ ಕೈಗಿಂತ ಕಣ್ಣಿಗೆ ಶ್ರಮ ಹೆಚ್ಚು. ಕೆಂಪಿನ ಪಕ್ಕದಲ್ಲಿ ಯಾವುದು? ಹೂವಿನ ಸೀರೆಯ ತುಂಡು ಇಟ್ಟ ಮೇಲೆ ಗೆರೆಯ ಅಂಗಿ ಸಾಕೇ, ಅಥವಾ ಕಣ್ಣಿಗೆ ಕೊಂಚ ಬಿಡುವು ಕೊಡುವ ಬಿಳಿ ಬೇಕೇ? ಒಂದು ಬದಿಯಲ್ಲಿ ಬಂದ ಹಳದಿಯನ್ನು ಇನ್ನೊಂದು ಬದಿಯಲ್ಲಿ ಎಷ್ಟು ದೂರದಲ್ಲಿ ಮತ್ತೆ ತರಬೇಕು? ಇವೆಲ್ಲ ಕ್ಷಣಕ್ಷಣಕ್ಕೂ ಏಳುವ ಪ್ರಶ್ನೆಗಳು. ಒಮ್ಮೆ ಹೊಲಿದರೆ ಮುಗಿಯಿತು, ಬಿಚ್ಚಿ ಹೊಲಿಯಲು ಸಮಯವೂ ಇಲ್ಲ, ದಾರವೂ ಇಲ್ಲ. ಮೊದಲ ಸುತ್ತಿನಲ್ಲಿಟ್ಟ ಬಣ್ಣ ನಾಲ್ಕನೆಯ ಸುತ್ತಿಗೆ ದಾರಿ ತೋರಿಸುತ್ತದೆ, ಕೆಲವು ಸಲ ದಾರಿ ತಡೆಯುತ್ತದೆ. ಚಿತ್ರಕಾರನು ಕ್ಯಾನ್ವಾಸಿನ ಮುಂದೆ ನಿಂತು ಅನುಭವಿಸುವ ಇಕ್ಕಟ್ಟೇ ಇದು. ಚಿತ್ರಕಾರನಿಗೆ ಅಂಗಡಿಯಲ್ಲಿ ಬೇಕಾದ ಬಣ್ಣ ಸಿಗುತ್ತದೆ. ಇವಳಿಗೆ ಮನೆಯವರು ಉಟ್ಟು ಬಿಟ್ಟದ್ದು ಮಾತ್ರ. ಹಾಗಿರುವಾಗ ಅವನನ್ನು ಕಲಾವಿದನೆಂದೂ ಇವಳನ್ನು ಕೌದಿ ಹೊಲಿಯುವವಳೆಂದೂ ಕರೆಯುವುದು ಯಾವ ನ್ಯಾಯವೋ ನಾನರಿಯೆ.

ದೊಡ್ಡ ತುಂಡುಗಳ ಮೇಲೆ ಕೆಲವರು ಚಿಕ್ಕ ಚಿಕ್ಕ ಚೌಕಗಳನ್ನು ಪೇರಿಸಿ ಹೊಲಿಯುವುದುಂಟು. ಇವಕ್ಕೆ ಟಿಕೇಲಿ ಎಂದು ಹೆಸರು. ಮಗುವಿನ ತೊಟ್ಟಿಲಿನ ಕವಂದಿಯಲ್ಲಿ ಟಿಕೇಲಿಗಳು ಸಾಲುಗಟ್ಟಿ ಕುಳಿತಾಗ ಬಣ್ಣದ ಹರಳುಗಳನ್ನು ಚೆಲ್ಲಿದಂತಿರುತ್ತದೆ. ಕಥೋಲಿಕ ಸಿದ್ದಿಗಳ ಕವಂದಿಯಲ್ಲಿ ಒಮ್ಮೊಮ್ಮೆ ಶಿಲುಬೆಯ ಆಕೃತಿ ಮೂಡಿರುತ್ತದೆ. ಮುಸಲ್ಮಾನ ಸಿದ್ದಿಗಳ ಕವಂದಿಯಲ್ಲಿ ಅರ್ಧಚಂದ್ರ. ಇದೊಂದು ವ್ಯತ್ಯಾಸವನ್ನು ಬಿಟ್ಟರೆ ಹೊಲಿಗೆಯ ಕ್ರಮ ಮೂರೂ ಮತದವರಿಗೆ ಒಂದೇ. ಯಾವ ಪೀಠದ ಮುಂದೆ ಮಂಡಿಯೂರಿದರೂ ಸೂಜಿ ಹಿಡಿದಾಗ ಅವರೆಲ್ಲ ಒಂದೇ ಅಜ್ಜಿಯ ಮೊಮ್ಮಕ್ಕಳು.

ಕವಂದಿಯ ಕಡೆಯ ಕೆಲಸ ಮೂಲೆಗಳದ್ದು. ಚಿಕ್ಕ ಬಟ್ಟೆಯ ತುಂಡನ್ನು ಮಡಚಿ ಮಡಚಿ ತ್ರಿಕೋನ ಮಾಡಿ ನಾಲ್ಕು ಮೂಲೆಗಳಿಗೂ ಹೊಲಿಯುತ್ತಾರೆ. ಇದಕ್ಕೆ ಫುಲ, ಅಂದರೆ ಹೂವು, ಎಂದು ಹೆಸರು. ಹೊದಿಕೆಗೆ ಇದರಿಂದ ಯಾವ ಉಪಯೋಗವೂ ಇಲ್ಲ. ಬೆಚ್ಚಗೂ ಆಗದು, ಗಟ್ಟಿಯೂ ಆಗದು. ಆದರೆ ಹೂವಿಲ್ಲದ ಕವಂದಿ ಬೆತ್ತಲೆಯೆಂಬುದು ಅವರ ಭಾವನೆ. ಕೂಲಿ ಮುಗಿಸಿ ಬಂದು, ಒಲೆ ಹೊತ್ತಿಸಿ, ಉಳಿದ ಹೊತ್ತಿನಲ್ಲಿ ಹೊಲಿಯುವ ಹೆಂಗಸು ಯಾವ ಪ್ರಯೋಜನಕ್ಕೂ ಬಾರದ ನಾಲ್ಕು ಹೂವುಗಳಿಗಾಗಿ ಇನ್ನೊಂದು ಸಂಜೆಯನ್ನು ಕೊಡುತ್ತಾಳೆ. ಇದು ಕೇವಲ ಬಡತನದ ಜಾಣ್ಮೆಯೆಂದು ವಾದಿಸುವವರಿಗೆ ಆ ಹೂವುಗಳನ್ನು ತೋರಿಸಿದರೆ ಸಾಕು.

ಬಯಲುಸೀಮೆಯ ಕೌದಿಗೂ ಇಂಥದೊಂದು ನಂಬಿಕೆಯಿದೆ. ಕೆಲವೆಡೆ ಕೌದಿಯ ನಡುಭಾಗವನ್ನು ಅದರ ಹೊಟ್ಟೆಯೆಂದು ಕರೆದು, ಕೊನೆಯ ತೇಪೆಯ ಅಡಿಯಲ್ಲಿ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿಯುತ್ತಾರೆ. ಹೊದ್ದವರೂ ಹಸಿಯಬಾರದು, ಹೊದಿಕೆಯೂ ಹಸಿಯಬಾರದೆಂಬ ಹಾರೈಕೆ. ಘಟ್ಟದ ಮೇಲಾಗಲಿ ಬಯಲಿನಲ್ಲಾಗಲಿ ಈ ಹೆಂಗಸರು ಹೊದಿಕೆಯನ್ನು ನಿರ್ಜೀವ ವಸ್ತುವೆಂದು ಭಾವಿಸಿಲ್ಲ.

ಈಗ ಈ ಕಲಾವಿದೆಯ ದಿನಚರಿಯತ್ತ ನೋಡೋಣ. ಅವಳಿಗೆ ಪ್ರತ್ಯೇಕವಾದ ಕಲಾಶಾಲೆಯಿಲ್ಲ, ಕೆಲಸಕ್ಕೆ ನಿಗದಿಯಾದ ಹೊತ್ತಿಲ್ಲ. ಬೆಳಗಿನಲ್ಲಿ ನೀರು, ಕಟ್ಟಿಗೆ, ಅಡಿಗೆ. ಬಳಿಕ ಗದ್ದೆಗೋ ತೋಟಕ್ಕೋ ಕೂಲಿ. ಕೆಲಸವಿಲ್ಲದ ದಿನ, ಊಟವಾದ ಮೇಲೆ ಸೂರ್ಯ ಇಳಿಯುವವರೆಗಿನ ಎರಡು-ಮೂರು ಗಂಟೆಗಳೇ ಅವಳ ಪಾಲಿನವು. ಆ ಹೊತ್ತಿನಲ್ಲಿ ಜಗುಲಿಯ ಮೇಲೆ ಕವಂದಿ ಹರಡಿತೆಂದರೆ ಆಚೆಮನೆಯ ಮಾವಶಿ ಬರುತ್ತಾಳೆ, ಈಚೆಮನೆಯ ಸೊಸೆ ಮಗುವನ್ನು ಎತ್ತಿಕೊಂಡು ಬರುತ್ತಾಳೆ. ದೊಡ್ಡ ಕವಂದಿಯ ನಾಲ್ಕು ಬದಿಯಲ್ಲಿ ನಾಲ್ವರು ಕೂತರೂ ಇಕ್ಕಟ್ಟಾಗದು. ಒಬ್ಬಳು ಹೊಲಿಯುತ್ತಾಳೆ, ಒಬ್ಬಳು ತುಂಡು ಹರಿದುಕೊಡುತ್ತಾಳೆ, ಕಣ್ಣು ಮಂಜಾದ ಅಜ್ಜಿ ಸೂಜಿಗೆ ದಾರ ಪೋಣಿಸಲಾರಳಾದರೂ ಬಣ್ಣದ ವಿಷಯದಲ್ಲಿ ತೀರ್ಪು ಕೊಡಬಲ್ಲಳು. ಅದನ್ನು ಅಲ್ಲಿಡಬೇಡ, ಇಲ್ಲಿಡು ಎಂದು ಅವಳೆಂದರೆ ಅದಕ್ಕೆ ಮೇಲ್ಮನವಿಯಿಲ್ಲ.

ಹೊಲಿಗೆಯ ನಡುವೆ ಮಾತು ಸಾಗುತ್ತದೆ. ಯಾರ ಮನೆಯ ಮದುವೆ, ಯಾವ ಊರಿನ ಹಬ್ಬ, ಯಾರ ಗಂಡನ ಕುಡಿತ, ಯಾರ ಮಗಳಿಗೆ ದಾಂಡೇಲಿಯ ಯಾವ ಶಾಲೆ. ಹಾಡು ಬಲ್ಲವಳಿದ್ದರೆ ಹಾಡು. ಒಬ್ಬಳು ತುಂಡೊಂದನ್ನು ಎತ್ತಿ ಹಿಡಿದಾಗ ಅದು ಯಾರು ಉಟ್ಟ ಸೀರೆಯೆಂಬ ನೆನಪು ಹೊರಡುತ್ತದೆ. ತೀರಿಹೋದ ಅತ್ತೆಯ ಸೀರೆ ಮೊಮ್ಮಗನ ತೊಟ್ಟಿಲು ಸೇರುವುದು ಈ ಜಗುಲಿಯ ಮೇಲೆಯೇ. ಗೆಳತಿಯ ಮನೆಯಿಂದ ಬಂದ ತುಂಡು ನನ್ನ ಕವಂದಿಯಲ್ಲಿ, ನನ್ನ ಮನೆಯದು ಅವಳ ಕವಂದಿಯಲ್ಲಿ. ಹೀಗಾಗಿ ಒಂದು ಕೇರಿಯ ಕವಂದಿಗಳನ್ನೆಲ್ಲ ಬಿಡಿಸಿ ನೋಡಿದರೆ ಆ ಕೇರಿಯ ಸಂಬಂಧಗಳ ಲೆಕ್ಕಪುಸ್ತಕವೇ ಸಿಕ್ಕೀತು. ಗೆಳೆತನಕ್ಕೆಂದು ಬೇರೆ ಹೊತ್ತನ್ನು ತೆಗೆದಿಡುವ ಅನುಕೂಲ ಈ ಹೆಂಗಸರಿಗೆ ಇರಲಿಲ್ಲ. ಕವಂದಿಯ ನೆಪದಲ್ಲಿ ಅದು ದೊರೆಯಿತು. ಸುಮ್ಮನೆ ಕುಳಿತು ಮಾತನಾಡುವ ಹೆಂಗಸನ್ನು ಮನೆಯವರು ಗದರಿಸಿಯಾರು. ಕೈಯಲ್ಲಿ ಸೂಜಿಯಿದ್ದರೆ ಯಾರೂ ಏನೂ ಅನ್ನುವಂತಿಲ್ಲ.

ಇಷ್ಟೆಲ್ಲ ಇದ್ದರೂ ಈ ಕಲೆಯನ್ನು ಮೊದಲಿಗೆ ಗಂಭೀರವಾಗಿ ದಾಖಲಿಸಿದವರು ಹೊರಗಿನವರೆಂಬುದನ್ನು ಒಪ್ಪಲೇಬೇಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಆಫ್ರಿಕಾದ ಕಲೆಯನ್ನು ಅಭ್ಯಸಿಸಿದವರು. ಆಫ್ರಿಕನ್ ಮೂಲದವರ ಬದುಕನ್ನು ಅರಸಿ ಅವರು 2000ದ ದಶಕದ ಆರಂಭದಲ್ಲಿ ಉತ್ತರ ಕನ್ನಡಕ್ಕೆ ಬಂದಾಗ ಬೇಲಿಗಳ ಮೇಲೆ ಒಣಗುತ್ತಿದ್ದ ಕವಂದಿಗಳು ಅವರ ಕಣ್ಣು ಸೆಳೆದವು. ಅವರ ಹಾಗೂ ಸಾರಾ ಖಾನ್ ಅವರ ನೆರವಿನಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕವಂದಿ ಸಹಕಾರ ಗುಂಪೊಂದು ರೂಪುಗೊಂಡಿತು. ಮನೆಯ ಹಾಸಿಗೆಗೆಂದು ಮಾತ್ರ ಹೊಲಿಯುತ್ತಿದ್ದವರು ಮಾರಾಟಕ್ಕೂ ಹೊಲಿಯತೊಡಗಿದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಶಾಂಬರ್ಗ್ ಕೇಂದ್ರದಲ್ಲಿ ಈ ಕವಂದಿಗಳ ಪ್ರದರ್ಶನ ಏರ್ಪಟ್ಟಿತು. ಕರಿಯ ಜನರ ಇತಿಹಾಸ, ಸಂಸ್ಕೃತಿಗಳ ಅಧ್ಯಯನಕ್ಕೆ ಮೀಸಲಾದ, ಜಗತ್ತಿನಲ್ಲಿ ಹೆಸರಾದ ಕೇಂದ್ರ ಅದು. ಹಳಿಯಾಳ-ಮುಂಡಗೋಡದ ಹಳ್ಳಿಗಳಲ್ಲಿ ಮಕ್ಕಳು ಮೈಮೇಲೆಳೆದುಕೊಂಡು ಮಲಗುತ್ತಿದ್ದ ಹೊದಿಕೆಯ ಜಾತಿಯೇ ಅಲ್ಲಿ ಗೋಡೆಯ ಮೇಲೆ ದೀಪಗಳ ಬೆಳಕಿನಲ್ಲಿ ತೂಗಾಡಿತು. ಡ್ರೂವಲ್ ಅವರ ಬರಹಗಳಲ್ಲಿ ಕವಂದಿಯ ಚಿತ್ರದೊಡನೆ ಅದನ್ನು ಹೊಲಿದವಳ ಹೆಸರೂ ಊರೂ ಇರುತ್ತವೆ. ಇದು ಸಣ್ಣ ಮಾತಲ್ಲ. ನಮ್ಮ ಮನೆಯ ಕಪಾಟುಗಳಲ್ಲಿರುವ ಕೌದಿಗಳನ್ನು ಹೊಲಿದವರ ಹೆಸರು ನಮಗೆ ಎಷ್ಟು ಮಂದಿಗೆ ಗೊತ್ತು?

ಹೆಸರಿನ ಮಾತು ಬಂದುದರಿಂದ ಅಮೆರಿಕದಲ್ಲಿಯೇ ನಡೆದ ಮತ್ತೊಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಅಲಬಾಮಾ ರಾಜ್ಯದ ನದಿಯ ತಿರುವಿನಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿಯ ಕರಿಯ ಜನರೂ ಗುಲಾಮರ ಸಂತತಿ. ಅಲ್ಲಿಯ ಹೆಂಗಸರೂ ಹಳೆಯ ಬಟ್ಟೆಯಿಂದ ಹೊದಿಕೆ ಹೊಲಿಯುವವರು. 1966ರಲ್ಲಿ, ನಾಗರಿಕ ಹಕ್ಕುಗಳ ಹೋರಾಟದ ದಿನಗಳಲ್ಲಿ, ಎಪಿಸ್ಕೋಪಲ್ ಸಭೆಯ ಧರ್ಮಗುರು ಫ್ರಾನ್ಸಿಸ್ ವಾಲ್ಟರ್ ಅವರ ನೆರವಿನಿಂದ ಆ ಪ್ರದೇಶದ ಹೆಂಗಸರು ಒಂದು ಸಹಕಾರಿ ಸಂಘ ಕಟ್ಟಿಕೊಂಡರು. 2002ರಲ್ಲಿ ಅವರ ಹೊದಿಕೆಗಳು ಹ್ಯೂಸ್ಟನ್ನಿನಲ್ಲೂ ಬಳಿಕ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲೂ ಪ್ರದರ್ಶನಗೊಂಡು, ಆಧುನಿಕ ಚಿತ್ರಕಲೆಯ ಶ್ರೇಷ್ಠ ಕೃತಿಗಳಿಗೆ ಸರಿಸಮವೆಂದು ವಿಮರ್ಶಕರಿಂದ ಕೊಂಡಾಡಿಸಿಕೊಂಡವು. 2006ರಲ್ಲಿ ಅಂಚೆಚೀಟಿಗಳೂ ಬಂದವು. ಮರುವರ್ಷವೇ ಹೊಲಿದ ಹೆಂಗಸರಲ್ಲಿ ಕೆಲವರು, ತಮ್ಮ ಕೃತಿಗಳಿಂದ ಬಂದ ಹಣದಲ್ಲಿ ತಮಗೆ ನ್ಯಾಯವಾದ ಪಾಲು ಸಿಕ್ಕಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು. 2008ರಲ್ಲಿ ಆ ವ್ಯಾಜ್ಯ ಇತ್ಯರ್ಥವಾಯಿತು.

ಹೊಗಳಿಕೆ ಬಂದ ಹಿಂದೆಯೇ ಹಣದ ಪ್ರಶ್ನೆಯೂ ಬರುತ್ತದೆಯೆಂಬುದಕ್ಕೆ ಇದು ಉದಾಹರಣೆ. ಕವಂದಿಯ ಹೆಸರು ಈಗ ಅಂತರಜಾಲದ ಮೂಲಕ ಹಲವು ದೇಶಗಳ ಹೊಲಿಗೆಗಾರ್ತಿಯರಿಗೆ ಪರಿಚಿತವಾಗಿದೆ. ಸ್ಯಾನ್ ಫ್ರಾನ್ಸಿಸ್ಕೋದ ಸಂಗೀತಗಾರ್ತಿ ಹಾಗೂ ಕಲಾವಿದೆ ಮಾರ್ಗರೆಟ್ ಫಬ್ರೀಜಿಯೋ ಸಿದ್ದಿಗಳ ಊರಿಗೇ ಬಂದು ಅವರ ಕ್ರಮವನ್ನು ನೋಡಿ, ತಾವೂ ಹೊಲಿದು, ಇತರರಿಗೂ ಪರಿಚಯಿಸಿದರು. ಹೊರದೇಶಗಳಲ್ಲಿ ಇದನ್ನು ಕಲಿಸುವ ತರಗತಿಗಳು ನಡೆಯುತ್ತಿವೆ. ಕಲೆ ಹರಡುವುದು ಒಳ್ಳೆಯದೇ. ಆದರೆ ಒಂದು ದಿನ ಕವಂದಿಯೆಂಬ ಹೆಸರು ಉಳಿದು ಸಿದ್ದಿಯೆಂಬ ಹೆಸರು ಅಳಿಸಿಹೋದರೆ? ದೂರದ ನಗರದ ಅಂಗಡಿಯಲ್ಲಿ ಸಾವಿರಾರು ರೂಪಾಯಿಗೆ ಬಿಕರಿಯಾಗುವ ವಸ್ತುವಿಗೆ ಮೂಲದಲ್ಲಿ ಕೊಟ್ಟದ್ದು ಎಷ್ಟೆಂದು ಕೇಳುವವರು ಯಾರು?

ನಮ್ಮ ಕಡೆಯ ಇನ್ನೊಂದು ಸಮುದಾಯದ ಅನುಭವ ಇಲ್ಲಿ ನೆರವಿಗೆ ಬಂದೀತು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಊರಿನ ಆ ಕುಶಲಿಗಳ ಕೆಲಸಕ್ಕಲ್ಲದೆ ಬೇರೆಯದಕ್ಕೆ ಆ ಹೆಸರನ್ನು ಬಳಸುವಂತಿಲ್ಲವೆಂಬ ಕಾನೂನಿನ ರಕ್ಷಣೆ ಅದು. ಮುಂಡಗೋಡ ತಾಲೂಕಿನಲ್ಲಿ ಲಂಬಾಣಿಗಳೂ ಇದ್ದಾರೆ, ಸಿದ್ದಿಗಳೂ ಇದ್ದಾರೆ. 1960ರ ದಶಕದಲ್ಲಿ ಬಂದು ನೆಲೆಸಿದ ಟಿಬೆಟನ್ನರೂ ಇದ್ದಾರೆ. ಅವರು ರತ್ನಗಂಬಳಿ ನೇಯ್ಗೆಯನ್ನು ತಮ್ಮೊಡನೆ ತಂದವರು. ಒಂದೇ ತಾಲೂಕಿನಲ್ಲಿ ಇಷ್ಟು ಕೈಕಸುಬುಗಳು ಕೂಡಿರುವ ಎಡೆ ರಾಜ್ಯದಲ್ಲಿ ಇನ್ನೆಷ್ಟಿವೆಯೋ! ಸಿದ್ದಿಗಳ ನಡುವೆ ಮುಂಡಗೋಡದಲ್ಲಿ ಯೇಸುಸಭೆಯ ಲೊಯೊಲ ವಿಕಾಸ ಕೇಂದ್ರದವರೂ ಇತರರೂ ಬಹುಕಾಲದಿಂದ ದುಡಿದಿದ್ದಾರೆ. ಶಿಕ್ಷಣ, ಭೂಮಿ, ಸಾಲದ ಪ್ರಶ್ನೆಗಳ ಮುಂದೆ ಹೊದಿಕೆಯ ಪ್ರಶ್ನೆ ಚಿಕ್ಕದೆಂದು ತೋರುವುದು ಸಹಜ. ಆದರೂ ಹೆಣ್ಣಿನ ಕೈಯಲ್ಲಿ ಆಗಲೇ ಇರುವ ವಿದ್ಯೆಯಿಂದ ನಾಲ್ಕು ಕಾಸು ಬರುವುದಾದರೆ ಅದನ್ನು ಕಡೆಗಣಿಸಬಾರದಷ್ಟೆ.

ಕಷ್ಟಗಳು ಇಲ್ಲವೆಂದಲ್ಲ. ಮೊದಲನೆಯದು ಬಟ್ಟೆಯದೇ. ಹಿಂದೆ ಮನೆಯಲ್ಲಿ ಸವೆಯುತ್ತಿದ್ದುದು ಹತ್ತಿಯ ಸೀರೆ, ಹತ್ತಿಯ ಅಂಗಿ. ಈಗ ಅಗ್ಗವಾಗಿ ಸಿಗುವುದು ಪಾಲಿಯೆಸ್ಟರ್. ಅದು ಜಾರುತ್ತದೆ, ಅಂಚು ಮಡಚಿದರೆ ನಿಲ್ಲದು, ಸೂಜಿಗೆ ಒಗ್ಗದು. ಬೇಸಿಗೆಯಲ್ಲಿ ಹಾಸಿದರೆ ಬೆವರು, ಚಳಿಯಲ್ಲಿ ಹೊದ್ದರೆ ತಣ್ಣಗೆ. ಎರಡನೆಯದು ಪೇಟೆಯ ಕಂಬಳಿ. ಸಂತೆಯಲ್ಲಿ ಕೆಲವು ನೂರು ರೂಪಾಯಿಗೆ ಬಣ್ಣಬಣ್ಣದ ಮೆತ್ತನೆಯ ಹೊದಿಕೆ ಸಿಗುವಾಗ, ವಾರಗಟ್ಟಲೆ ಬೆನ್ನು ಬಗ್ಗಿಸಿ ಕೂರುವ ತಾಳ್ಮೆ ಯಾರಿಗಿದ್ದೀತು? ಮೂರನೆಯದು ಎಲ್ಲ ಕೈಕಸುಬುಗಳಿಗೂ ಬಂದೊದಗಿರುವ ಸಂಗತಿ. ಶಾಲೆಗೆ ಹೋದ ಮಗಳಿಗೆ ಹರಕು ಬಟ್ಟೆಯ ಹೊದಿಕೆಯೆಂದರೆ ಬಡತನದ ಗುರುತು. ಹಾಸ್ಟೆಲಿಗೆ ಅದನ್ನು ಒಯ್ಯಲು ನಾಚಿಕೆ. ಈ ನಾಚಿಕೆಯನ್ನು ಕಲಿಸಿದವರು ಅವಳ ತಾಯಿಯಲ್ಲ, ನಾವು. ನ್ಯೂಯಾರ್ಕಿನ ಗೋಡೆಯ ಮೇಲಿದ್ದುದು ಇದೇ ಎಂದು ಅವಳಿಗೆ ಹೇಳಿದವರು ಇದ್ದಾರೆಯೇ?

ರಾಮನಗರದಿಂದ ಮುಂಡಗೋಡದವರೆಗಿನ ನಮ್ಮ ಕುಟುಂಬಗಳಿಗೆ ಸಾಧ್ಯವಾಗುವ ಕೆಲವು ಸಂಗತಿಗಳಿವೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಮೊದಲ ಹೆರಿಗೆಗೆ ತವರಿಗೆ ಬರುತ್ತಾರೆ. ಮಗುವಿನ ದೀಕ್ಷಾಸ್ನಾನಕ್ಕೆ ಪೇಟೆಯಿಂದ ಬೆಲೆಬಾಳುವ ಉಡುಗೊರೆಗಳು ಬರುತ್ತವೆ. ಆ ಮಗುವಿಗೆ ಟಿಕೇಲಿ ಇಟ್ಟ ಒಂದು ಪುಟ್ಟ ಕವಂದಿಯನ್ನು ಹೊಲಿಸಿದರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಯಾವುದು? ಹೊಲಿಸುವುದಾದರೆ ಚೌಕಾಸಿ ಬೇಡ. ನಾಟಿಯ ಕೂಲಿಯನ್ನು ದಿನದ ಲೆಕ್ಕದಲ್ಲಿ ಕೊಡುತ್ತೇವೆ. ಕವಂದಿಗೂ ಅದೇ ಲೆಕ್ಕ ಹಿಡಿದರೆ ಬೆಲೆ ಎಷ್ಟಾಗಬೇಕೆಂಬುದು ಯಾರಿಗಾದರೂ ತಿಳಿಯುವ ಗಣಿತ. ಕಪಾಟಿನ ತಳದಲ್ಲಿ ಬಿದ್ದಿರುವ ಹತ್ತಿಯ ಸೀರೆಗಳನ್ನು ಸ್ಟೀಲಿನ ಪಾತ್ರೆ ಮಾರುವವನಿಗೆ ಕೊಡುವ ಬದಲು ಒಗೆದು, ಮಡಚಿ, ಈ ಹೆಂಗಸರ ಕೈಗೆ ಮುಟ್ಟಿಸಬಹುದು. ಧರ್ಮಕೇಂದ್ರದ ಹಬ್ಬದಲ್ಲಿ ತೆಂಗಿನಕಾಯಿ, ಬಾಳೆಗೊನೆಗಳ ಹರಾಜಿನ ಪಕ್ಕದಲ್ಲಿ ನಾಲ್ಕು ಕವಂದಿಗಳನ್ನು ತೂಗುಹಾಕಲು ಒಂದು ಹಗ್ಗ ಸಾಕು. ಪ್ರತಿಯೊಂದರ ಮೇಲೂ ಹೊಲಿದವಳ ಹೆಸರು ಬರೆದ ಚೀಟಿಯಿರಲಿ. ಹೆಸರನ್ನು ದಾರದಿಂದಲೇ ಮೂಲೆಯ ಹೂವಿನ ಪಕ್ಕದಲ್ಲಿ ಬರೆಯಿಸಿದರೆ ಇನ್ನೂ ಮೇಲು. ಚೀಟಿ ಒಗೆದಾಗ ಹೋಗುತ್ತದೆ, ಹೊಲಿಗೆ ಹೋಗುವುದಿಲ್ಲ.

ಹೊಲಿಸಬೇಕೆನ್ನುವವರು ಮಳೆ ಹಿಡಿದ ಮೇಲೆ ಹೇಳಿಕಳುಹಿಸಿದರೆ ಪ್ರಯೋಜನವಿಲ್ಲ. ಆಗ ಅವರೆಲ್ಲ ನಾಟಿಯ ಗದ್ದೆಯಲ್ಲಿರುತ್ತಾರೆ. ಕ್ರಿಸ್ತಜಯಂತಿಯ ಗೋದಲಿಯನ್ನು ತೆಗೆದಿಟ್ಟ ಮೇಲೆ, ಸುಗ್ಗಿಯ ಕೆಲಸ ತೀರಿದ ದಿನಗಳಲ್ಲಿ ಹಳೆಯ ಸೀರೆಗಳ ಗಂಟಿನೊಡನೆ ಹೋಗಿ ಕೇಳುವುದು ಲೇಸು. ಗಂಟಿನಲ್ಲಿ ಕೆಂಪು ಬಟ್ಟೆ ಸ್ವಲ್ಪ ಹೆಚ್ಚಿಗೆ ಇರಲಿ. ಎಲ್ಲಿ ಇಡಬೇಕೆಂಬುದನ್ನು ಮಾತ್ರ ಅವರಿಗೇ ಬಿಡಬೇಕು.